ಪ್ರಶ್ನೆ ಕೇಳದ ಲಿಫ್ಟು ಎಂಜಿನಿಯರು
ಇವನ ತಾತ ಊರಿನ ಗೋಪುರದ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದವನು. ಗಡಿಯಾರ ಅರ್ಧ ಗಂಟೆ ಹಿಂದೆ ಬಿದ್ದಾಗ ಸೂರ್ಯನೇ ಅವಸರ ಮಾಡುತ್ತಿದ್ದಾನೆ ಎಂದು ಗದರಿದವನು. ಅಪ್ಪ ಫ್ಯಾನ್ ರಿಪೇರಿಯವನು. ತಾನು ತಂತಿ ಸುತ್ತಿ ಕೊಟ್ಟ ಫ್ಯಾನು ಉಲ್ಟಾ ತಿರುಗಿದರೆ, ಗಾಳಿ ಮೇಲಕ್ಕೆ ಹೋಗುವುದೇ ಆರೋಗ್ಯ ಎಂದವನು. ಆ ವಂಶದ ಕುಡಿ ನಮ್ಮ ಎಂಜಿನಿಯರು, ಲಿಫ್ಟಿನ ಪುಟ್ಟ ಚಿಪ್ಪಿಗೆ ಪ್ರೋಗ್ರಾಮ್ ಬರೆಯುವವನು. ಯಾರನ್ನಾದರೂ ಏನಾದರೂ ಕೇಳುವುದೆಂದರೆ ಇವನಿಗೆ ಮಾನ ಹೋದಂತೆ. ಹೆಂಡತಿಯನ್ನು ‘ಊಟ ಆಯ್ತಾ?’ ಎಂದು ಕೇಳುವುದಿಲ್ಲ; ‘ನಿಂದು ಆಗಿದೆ’ ಎಂದು ತಾನೇ ತೀರ್ಮಾನಿಸಿ ಪಾತ್ರೆ ಬಳಿದು ತಿನ್ನುತ್ತಾನೆ. ಪ್ರೋಗ್ರಾಮಿನಲ್ಲೂ ಅದೇ ಚಾಳಿ. ಬಾಗಿಲು ಮುಚ್ಚಿದೆಯೇ ಎಂದು ಕೇಳಬೇಕಾದ ಸಾಲಿನಲ್ಲಿ ಮುಚ್ಚಿದೆ ಎಂದೇ ಬರೆದಿಟ್ಟಿದ್ದಾನೆ. ಬಾಗಿಲು ಎಂದಾದರೂ ಸಿಕ್ಕಿಕೊಂಡರೆ ಲಿಫ್ಟು ಬಾಯಿ ತೆರೆದುಕೊಂಡೇ ಹೊರಟುಬಿಡುತ್ತದೆ. ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರು, ‘ಸ್ವಾಮಿ, ಇಲ್ಲಿ ಪರೀಕ್ಷೆಯೇ ಇಲ್ಲ, ಉತ್ತರ ಯಾವಾಗಲೂ ಹೌದು’ ಎಂದು ಹಳದಿ ಅಕ್ಷರದಲ್ಲಿ ಬಡಕೊಳ್ಳುತ್ತದೆ. ‘ಎಚ್ಚರಿಕೆ ತಾನೇ, ತಪ್ಪು ಅಂದಿಲ್ವಲ್ಲ’ ಎಂದು ಇವನು ಎಚ್ಚರಿಕೆಗಳನ್ನೇ ಆಫ್ ಮಾಡಿ ಮೀಸೆ ತಿರುವುತ್ತಾನೆ. ಆ ಲಿಫ್ಟು ಈಗ ಇವನ ಮನೆಯಿರುವ ಕಟ್ಟಡಕ್ಕೇ ಬಂದಿದೆ. ಅಕ್ಕಪಕ್ಕದವರೆಲ್ಲ ಅದರಲ್ಲಿ ಓಡಾಡುತ್ತಾರೆ. ಇವನು ಮಾತ್ರ ಮೊಮ್ಮಗಳನ್ನು ಹೆಗಲ ಮೇಲೆ ಹೊತ್ತು, ಏದುಸಿರು ಬಿಡುತ್ತಾ ಆರು ಮಹಡಿ ಮೆಟ್ಟಿಲು ಹತ್ತುತ್ತಾನೆ. ಮೊನ್ನೆ, ಆ ಪ್ರೋಗ್ರಾಮ್ ಓದಿದ್ದ ಆಫೀಸಿನ ಸಹೋದ್ಯೋಗಿ ಹೆಂಗಸೊಬ್ಬಳು ಇವನನ್ನು ಹುಡುಕಿಕೊಂಡು ಹಿಂದೆಯೇ ಮೆಟ್ಟಿಲು ಹತ್ತಿ ಬಂದು, ‘ಸಾರ್, ಆ ಒಂದು ಸಾಲು ನಾನು ಸರಿ ಮಾಡ್ಕೊಡ್ಲಾ? ಯಾರಿಗೂ ಹೇಳಲ್ಲ’ ಎಂದಳು. ಮಗುವಿನ ಕಾಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು ಇವನೆಂದ: ‘ಏನೂ ಬೇಡಮ್ಮ. ಬಾಗಿಲು ಮುಚ್ಚೇ ಇರುತ್ತೆ. ನಾನು ಮೆಟ್ಟಿಲು ಹತ್ತೋದು ಮಂಡಿ ಗಟ್ಟಿಯಾಗ್ಲಿ ಅಂತ.’