ಸುಸಾನತ್ತಿಗೆ ಚಿಮುಕಿಸಿದ ನೀರು

ಅಣೆಕಟ್ಟಿನ ಗೇಟು ಇಳಿಸುತ್ತಾರಂತೆ ಎಂದು ದೊಡ್ಡವರು ಹೊತ್ತು ಹುಟ್ಟಿದರೆ ಮಾತಾಡಿಕೊಳ್ಳುತ್ತಿದ್ದ ಆ ದಿನಗಳಲ್ಲಿ ನಮಗೆ, ಮಕ್ಕಳಿಗೆ, ಅದೊಂದು ಆಟವಾಗಿತ್ತು. ಬೀಳಗಿ ಕಡೆಯ, ಕೃಷ್ಣಾ ದಂಡೆಯ ಊರು ನಮ್ಮದು. ಹಿನ್ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಸರ್ಕಾರದವರು ಗೋಡೆಗಳ ಮೇಲೆ ಕೆಂಪು ಗೆರೆ ಎಳೆದು ಹೋಗಿದ್ದರು. ನಾವು ಆ ಗೆರೆಗೆ ಬೆನ್ನು ಹಚ್ಚಿ ನಿಂತು, ಯಾರು ಮುಳುಗುತ್ತಾರೆ, ಯಾರ ತಲೆ ಮೇಲೆ ಉಳಿಯುತ್ತದೆ ಎಂದು ಅಳೆದುಕೊಂಡು ನಗುತ್ತಿದ್ದೆವು. ನನಗಾಗ ಹತ್ತು ವರ್ಷ.

ಊರಲ್ಲಿ ಕ್ರೈಸ್ತರ ಮನೆಗಳು ಹನ್ನೊಂದು. ಹಂಚು ಹೊದೆಸಿದ ಸಣ್ಣದೊಂದು ಚರ್ಚು ಇತ್ತು. ಫಾದರ್ ತಿಂಗಳಿಗೊಮ್ಮೆ ಮೋಟರ್‌ಸೈಕಲ್ ಮೇಲೆ ಬಂದು ಪೂಜೆ ಮಾಡಿ ಹೋಗುತ್ತಿದ್ದರು. ಉಳಿದ ಭಾನುವಾರಗಳಲ್ಲಿ ಪ್ರಾರ್ಥನೆ ನಡೆಸುವುದು, ಮಕ್ಕಳಿಗೆ ಜಪ ಕಲಿಸುವುದು, ಸತ್ತವರನ್ನು ಮಣ್ಣು ಮಾಡಿಸುವುದು ಎಲ್ಲ ಉಪದೇಶಿ ಇನ್ನಾಸಪ್ಪನದು. ಫಾದರ್ ಬಂದಾಗ ಒಂದು ಕೊಡ ನೀರಿಗೆ ಚಿಟಿಕೆ ಉಪ್ಪು ಹಾಕಿ ಮಂತ್ರಿಸಿ ಇಟ್ಟು ಹೋಗುತ್ತಿದ್ದರು. ಅದನ್ನು ನಾವು ತೀರ್ಥ ಎನ್ನುತ್ತಿದ್ದೆವು. ನನ್ನ ಆಯಿ, ಎಂದರೆ ಅಪ್ಪನ ತಾಯಿ, ಕೆಮ್ಮಿನ ಔಷಧದ ಬಾಟಲಿಯನ್ನು ಬೂದಿ ಹಾಕಿ ತೊಳೆದು ಅದರಲ್ಲಿ ತುಂಬಿಕೊಂಡು ಬರುತ್ತಿದ್ದಳು. ಎಷ್ಟು ತೊಳೆದರೂ ಔಷಧದ ಸಿಹಿ ವಾಸನೆ ಹೋಗುತ್ತಿರಲಿಲ್ಲ.

ಪ್ರತಿ ಭಾನುವಾರ ಸಂಜೆ ನಾನು, ಆಯಿ ಹೊಳೆದಂಡೆಯ ಸಮಾಧಿಗಳ ಹತ್ತಿರ ಹೋಗುತ್ತಿದ್ದೆವು. ಕಾಮಕಸ್ತೂರಿಯ ಎಸಳನ್ನು ತೀರ್ಥದಲ್ಲಿ ಅದ್ದಿ ಅವಳು ತನ್ನ ಗಂಡನ, ಎಂದರೆ ನಮ್ಮ ಮುತ್ಯಾನ ಗೋರಿಗೆ ಚಿಮುಕಿಸುತ್ತಿದ್ದಳು. ಬಿಸಿಲಿಗೆ ಕಾದ ಮಣ್ಣಿನಿಂದ ಒಮ್ಮೆಲೇ ವಾಸನೆ ಏಳುತ್ತಿತ್ತು. ಯಾಕೆ ಹಾಕುತ್ತೀ ಎಂದು ಒಮ್ಮೆ ಕೇಳಿದ್ದೆ.

"ಸತ್ತವ್ರು ಸೀದಾ ದೇವರ ಹಂತೇಕ ಹೋಗಾಂಗಿಲ್ಲ. ನಡುವ ಒಂದು ಬೆಂಕಿ ಐತಿ, ಅದರಾಗ ಸುಟ್ಟು ಶುದ್ಧ ಆಗಬೇಕು. ಒಂದೊಂದು ಹನಿ ಬಿದ್ದಂಗ ಅವ್ರ ಮೈ ತಂಪಾಕೈತಿ," ಎಂದಿದ್ದಳು.

ಆ ವರ್ಷ ಸುಸಾನತ್ತಿ ತವರಿಗೆ ಬಂದಿದ್ದಳು. ಅಪ್ಪನ ತಂಗಿ ಅವಳು. ರಬಕವಿಗೆ ಕೊಟ್ಟಿದ್ದರು, ಗಂಡ ಪವರ್‌ಲೂಮಿನಲ್ಲಿ ಸೀರೆ ನೇಯುತ್ತಿದ್ದ. ಅವನು ಇನ್ನೊಬ್ಬಳನ್ನು ತಂದು ಮನೆಯಲ್ಲಿ ಇಟ್ಟುಕೊಂಡ ಮೇಲೆ ಅತ್ತಿ ಮಗಳು ಮಗ್ದಲಿಯ ಕೈ ಹಿಡಿದುಕೊಂಡು ಬಂದುಬಿಟ್ಟಳು. ಮಗ್ದಲಿ ನನ್ನ ಓರಗೆಯವಳು. ನಾವಿಬ್ಬರೂ ಗಜ್ಜುಗ ಆಡುತ್ತಿದ್ದೆವು, ಒಂದೇ ತಾಟಿನಲ್ಲಿ ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತಿದ್ದೆವು.

ಮುಂಗಾರಿನ ಮಿರಗದ ಮಳೆ ಹಿಡಿದ ವಾರ ಅತ್ತಿ ಹೊಲದ ಬಾವಿಯಲ್ಲಿ ಹೆಣವಾಗಿ ಸಿಕ್ಕಳು. ಕೊಡ ಮೆಟ್ಟಿಲ ಮೇಲೆಯೇ ಇತ್ತು. ಪಾವಟಿಗೆ ಜಾರುತ್ತಿದ್ದವು, ಕಾಲು ಜಾರಿದೆ ಎಂದು ಅಪ್ಪ ಹೇಳಿದ. ಇನ್ನಾಸಪ್ಪ ಬಾವಿಯನ್ನು ಒಮ್ಮೆ ಇಣುಕಿ ನೋಡಿ, ತಾನಾಗಿ ಹಾರಿಕೊಂಡಿದ್ದಾಳೆ ಎಂದು ತೀರ್ಮಾನ ಕೊಟ್ಟ. ತಾನಾಗಿ ಜೀವ ತೆಗೆದುಕೊಂಡವರಿಗೆ ಗಂಟೆ ಇಲ್ಲ, ತೀರ್ಥ ಇಲ್ಲ, ಸಮಾಧಿಗಳ ಬೇಲಿಯ ಒಳಗೆ ಜಾಗ ಇಲ್ಲ ಎಂದ. ಮಳೆಗೆ ರಸ್ತೆ ಕೆಟ್ಟು ಫಾದರಿಗೆ ಹೇಳಿ ಕಳಿಸುವ ಹಾಗಿರಲಿಲ್ಲ. ಹೆಣ ಕಾಯುವ ಹಾಗಿರಲಿಲ್ಲ. ಮುಳ್ಳುಬೇಲಿಯ ಆಚೆ, ಹೊಳೆಯ ಕಡೆಗೆ ಇಳಿಜಾರಿನಲ್ಲಿ ಅವಳನ್ನು ಹುಗಿದರು.

ಬಾಟಲಿ ಆಯಿಯ ಕೈಯಲ್ಲೇ ಇತ್ತು. ಅವಳು ಅದರ ಬಿರಡೆ ತೆಗೆಯಲಿಲ್ಲ. ನನ್ನ ಅವ್ವ ತಡೆಯಲಾರದೆ, ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದವಳಲ್ಲವೇ ಎಂದು ಕೇಳಿದಳು.

"ಹೊಟ್ಟ್ಯಾಗ ಹುಟ್ಯಾಳಂತ ದೇವರ ಕಾನೂನು ಮುರಿಯಾಕ ಬರ್ತೈತೇನು," ಎಂದಳು ಆಯಿ. ಅಳಲಿಲ್ಲ.

ಆಮೇಲೆ ಆಯಿಯ ಮೊಣಕಾಲು ಬಾತು, ಮುತ್ಯಾನಿಗೆ ತೀರ್ಥ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಬೇಲಿಯಾಚೆ ಒಂದು ಹನಿ ಬಿದ್ದರೂ ಇಡೀ ಬಾಟಲಿ ಕೆಡುತ್ತದೆ, ಮುತ್ಯಾನಿಗೆ ಮುಟ್ಟುವುದಿಲ್ಲ ಎಂದು ಅವಳು ನನ್ನಿಂದ ಆಣೆ ಹಾಕಿಸಿಕೊಂಡಳು. ಹಾಗೆ ಹೇಳಿದವಳೇ ಮಗ್ದಲಿಯನ್ನು ತನ್ನ ಮಗ್ಗುಲಲ್ಲಿ ಮಲಗಿಸಿಕೊಳ್ಳತೊಡಗಿದಳು. ಅದು ನನ್ನ ಜಾಗವಾಗಿತ್ತು. ಹೆಂಚಿನಿಂದ ತೆಗೆದ ಮೊದಲ ರೊಟ್ಟಿ, ಮೊದಲ ಕೆನೆ ಈಗ ಅವಳಿಗೆ. ನಾನು ನೋಡುತ್ತ ಕುಳಿತಿರುತ್ತಿದ್ದೆ.

ಒಂದು ಭಾನುವಾರ ಮಗ್ದಲಿ ಬಣವೆಯ ಹಿಂದೆ ನನ್ನನ್ನು ನಿಲ್ಲಿಸಿದಳು.

"ತೆರೇಜಿ, ನಮ್ಮವ್ವಗ ಒಂದ ಹನಿ ಕೊಡ. ಯಾರ ಮುಂದೂ ಹೇಳಾಂಗಿಲ್ಲ."

ನಾನು ಅವಳ ಗಜ್ಜುಗ ಕೇಳಿದೆ. ಐದನ್ನೂ ಕೊಟ್ಟಳು. ಮಾರನೆಯ ವಾರ ಜಡೆಯ ಕೆಂಪು ರಿಬ್ಬನ್ನು ಕೇಳಿದೆ. ಅದರ ಮಾರನೆಯ ವಾರ ನನ್ನ ಪಾಲಿನ ಸೆಗಣಿ ಬುಟ್ಟಿಯನ್ನು ಅವಳಿಂದ ತಿಪ್ಪೆಗೆ ಹೊರಿಸಿದೆ. ಪ್ರತಿ ಸಲ ಅವಳ ಬಟ್ಟಲಿಗೆ ಹಾಕಿ ಕೊಟ್ಟದ್ದು ಎಮ್ಮೆ ಕುಡಿಯುವ ಕಲ್ಲಿನ ಬಾನಿಯ ನೀರು. ತೀರ್ಥದ ರುಚಿ ಬರಲೆಂದು ಅದಕ್ಕೆ ಚಿಟಿಕೆ ಉಪ್ಪನ್ನೂ ಬೆರೆಸುತ್ತಿದ್ದೆ. ಮುತ್ಯಾನ ಪಾಲಿನ ತೀರ್ಥ ಕೆಟ್ಟೀತು ಎಂಬ ಹೆದರಿಕೆಯಿಂದ ಹಾಗೆ ಮಾಡಿದೆ ಎಂದು ನನಗೆ ನಾನೇ ಬಹಳ ವರ್ಷ ಹೇಳಿಕೊಂಡಿದ್ದೇನೆ. ಬರೀ ಹೆದರಿಕೆಯಾಗಿದ್ದರೆ ಉಪ್ಪು ಹಾಕುತ್ತಿರಲಿಲ್ಲ.

ಅವಳು ಬಟ್ಟಲು ತುಳುಕದಂತೆ ಬೇಲಿಯ ಸಂದಿಯಲ್ಲಿ ನುಸುಳಿ ಹೋಗುತ್ತಿದ್ದಳು. ಮುಳ್ಳು ಗೀರಿ ಮೊಣಕೈಯಿಂದ ರಕ್ತ ಬರುತ್ತಿತ್ತು. ತಾಯಿಯ ಮಣ್ಣಿನ ಮೇಲೆ ಎಸಳಿನಿಂದ ಚಿಮುಕಿಸಿ, "ಇವರಿಗೆ ನಿತ್ಯ ವಿಶ್ರಾಂತಿ ಕೊಡು ಸ್ವಾಮಿ" ಎಂದು ನಮಗೆ ಕಲಿಸಿದ್ದನ್ನು ಒಂದಕ್ಷರ ಬಿಡದೆ ಹೇಳುತ್ತಿದ್ದಳು. ಯಾರಾದರೂ ಬಂದಾರೆಂದು ನಾನು ಕಾಯುತ್ತ ನಿಲ್ಲುತ್ತಿದ್ದೆ. ಆರೋ ಏಳೋ ಭಾನುವಾರ ಹೀಗೇ ನಡೆಯಿತು. ಒಂದು ದಿನ ಬರುವಾಗ ಅವಳು ನನ್ನ ಕೈ ಹಿಡಿದುಕೊಂಡಳು.

"ರಾತ್ರಿ ಅವ್ವ ಕನಸಿನ್ಯಾಗ ಬಂದಿದ್ಲು. ಕೈ ಮುಟ್ಟಿ ನೋಡಿದೆ. ತಣ್ಣಗ ಇದ್ವು. ಬೆಂಕಿ ಕಡಿಮಿ ಆಗೇತಿ ಅಲಾ?"

ಇನ್ನೂ ಎರಡು ವಾರ ಹಾಕಬೇಕು ಎಂದೆ. ನನಗೆ ಅವಳ ಬೆಳ್ಳಿಯ ಕಾಲ್ಗೆಜ್ಜೆ ಬೇಕಾಗಿತ್ತು.

ಶ್ರಾವಣದಲ್ಲಿ ಹೊಳೆ ಏರಿತು. ಈ ಸಲ ಇಳಿಯಲಿಲ್ಲ. ಊರು ಚಕ್ಕಡಿಗಳಲ್ಲಿ ತೊಲೆ, ಬಾಗಿಲು, ಕಣಜ ಹೇರಿಕೊಂಡು ದಿನ್ನೆಯ ಮೇಲಿನ ತಗಡಿನ ಪತ್ರಾಸ್ ಶೆಡ್ಡುಗಳಿಗೆ ಹೋಯಿತು. ಪ್ರತಿ ಮನೆಯವರೂ ತಮ್ಮ ತಮ್ಮವರ ಗೋರಿಯಿಂದ ಒಂದು ಹಿಡಿ ಮಣ್ಣು ತೆಗೆದು ಬಿಳಿ ಬಟ್ಟೆಯಲ್ಲಿ ಕಟ್ಟಿಕೊಂಡರು. ಹೊಸ ಜಾಗದಲ್ಲಿ ಹುಗಿಯಬೇಕಿತ್ತು. ಆಯಿ ಮುತ್ಯಾನ ಮಣ್ಣು ತಂದಳು. ಅತ್ತಿಯ ಮಣ್ಣನ್ನು ಯಾರೂ ತರಲಿಲ್ಲ. ಇಳಿಜಾರಿನಲ್ಲಿ ಇದ್ದುದರಿಂದ ಎಲ್ಲರಿಗಿಂತ ಮೊದಲು ನೀರು ಮುಟ್ಟಿದ್ದು ಅವಳನ್ನೇ. ಒಂದು ಮುಂಜಾನೆ ನೋಡಿದರೆ ಆ ದಿಬ್ಬ ಕಾಣಲಿಲ್ಲ. ಮಗ್ದಲಿ ಅಳುತ್ತಾಳೆ ಎಂದುಕೊಂಡೆ. ಅವಳು ಸಮಾಧಾನದಿಂದ, ಅವ್ವ ಈಗ ಅಲ್ಲಿಲ್ಲ, ನಾವಿಬ್ಬರೂ ಸೇರಿ ಅವಳನ್ನು ಮೇಲೆ ಕಳಿಸಿದ್ದೇವಲ್ಲ ಎಂದಳು.

ಮಳೆ ಹಿಡಿದಾಗಿನಿಂದ ಬರಲಾಗದಿದ್ದ ಫಾದರ್ ಆ ತಿಂಗಳು ಬಂದು ಶೆಡ್ಡಿನಲ್ಲೇ ಪೂಜೆ ಮಾಡಿದರು. ಮುಗಿದ ಮೇಲೆ ಮಗ್ದಲಿ ಅವರ ಮುಂದೆ ನಿಂತು, ತನ್ನ ತಾಯಿ ಇಷ್ಟೊತ್ತಿಗೆ ದೇವರ ಹತ್ತಿರ ಮುಟ್ಟಿರಬಹುದೇ ಎಂದು ಕೇಳಿದಳು. ಫಾದರ್ ಅವಳನ್ನು ಕೂರಿಸಿಕೊಂಡು ವಿಚಾರಿಸಿದಾಗ ಬೇಲಿಯ ಸಂಗತಿ ಹೊರಬಿತ್ತು. ಅವರ ಮುಖ ಕೆಂಪಾಯಿತು. ಎಲ್ಲರೆದುರಿಗೆ ಇನ್ನಾಸಪ್ಪನನ್ನು ಬೈದರು. ಕಡೆಯ ಉಸಿರಿನಲ್ಲಿ ಅವಳು ದೇವರಿಗೆ ಏನು ಹೇಳಿದಳೆಂದು ನಿನಗೇನು ಗೊತ್ತು ಎಂದು ಕೇಳಿದರು. ತೀರ್ಥ ಒಳ್ಳೆಯವರಿಗೆ ಕೊಡುವ ಬಹುಮಾನವಲ್ಲ ತಾಯಿ ಎಂದು ಆಯಿಗೆ ಹೇಳಿ, ತುಂಬಿದ ಬಾಟಲಿಯೊಂದನ್ನು ಮಗ್ದಲಿಯ ಕೈಗೆ ಕೊಟ್ಟರು.

ಆಗ ಅತ್ತಳು ನನ್ನ ಆಯಿ. ಮಗ್ದಲಿಯನ್ನು ತಬ್ಬಿಕೊಂಡು, ಸುಸಾನಿ, ಸುಸಾನಿ ಎಂದು ಸೆರಗು ಒದ್ದೆಯಾಗುವವರೆಗೂ ಅತ್ತಳು. ಹೆಂಗಸರೆಲ್ಲ ಸುತ್ತ ಸೇರಿದರು. ಅವತ್ತು ಮಾಡಿದ್ದ ಸಿಹಿ ಮಾದಲಿಗೆ ಹಾಲು ತುಪ್ಪ ಸುರಿದು ಮೊದಲ ತಾಟು ಮಗ್ದಲಿಯ ಮುಂದಿಟ್ಟರು. ನಾನು ಅಲ್ಲೇ ಇದ್ದೆ. ನನ್ನ ಕಡೆ ಯಾರೂ ನೋಡಲಿಲ್ಲ.

"ಅಕಿ ಇಷ್ಟು ದಿನ ಹಾಕಿದ್ದು ತೀರ್ಥ ಅಲ್ಲ," ಎಂದೆ. "ಎಮ್ಮಿ ಬಾನ್ಯಾಗಿನ ನೀರು. ನಾನಾ ಕೊಟ್ಟಿದ್ದೆ."

ತಪ್ಪು ಒಪ್ಪಿಕೊಳ್ಳುತ್ತಿದ್ದಾಳೆ ಎಂದು ಕೆಲವರಿಗಾದರೂ ಅನಿಸಿರಬೇಕು. ನಾನು ಹೇಳಿದ್ದು ಮಗ್ದಲಿಯ ಮುಖ ಏನಾಗುತ್ತದೆ ನೋಡಬೇಕೆಂದು. ನೋಡಿದೆ. ಇವತ್ತಿಗೂ ಅದನ್ನು ಬರೆಯಲು ನನಗೆ ಬರುವುದಿಲ್ಲ.

ಅವಳು ತಾಟು ಸರಿಸಿ, ಬಾಟಲಿ ಹಿಡಿದುಕೊಂಡು ಎದ್ದಳು. ಮೊದಲು ನಡೆದಳು, ಆಮೇಲೆ ದಿನ್ನೆ ಇಳಿದು ಓಡಿದಳು. ಅಪ್ಪ ಮುಟ್ಟುವಷ್ಟರಲ್ಲಿ ಎದೆಮಟ್ಟದ ನೀರಿನಲ್ಲಿದ್ದಳು. ಬಾಟಲಿ ಖಾಲಿಯಾಗಿತ್ತು. ಅಲ್ಲಿಂದ ಬೇಲಿ ಇದ್ದ ಜಾಗ ಇನ್ನೂ ದೂರ. ಎಳೆದು ತಂದ ಮೇಲೆ ಆಯಿ ಅವಳಿಗೆ ಹೊಡೆದಳು, ಹೆದರಿಸಿದ್ದಕ್ಕೆ. ನನಗೆ ಯಾರೂ ಹೊಡೆಯಲಿಲ್ಲ. ಕ್ಷಮೆ ಕೇಳು ಎಂದರು ಫಾದರ್. ಕೇಳಿದೆ. ಮಗ್ದಲಿ ಹಲ್ಲು ಕಟಕಟಿಸುತ್ತ ಬೇರೆ ಕಡೆ ನೋಡುತ್ತಿದ್ದಳು. ಹದಿನೈದು ದಿನದಲ್ಲಿ ಅವಳ ಅಪ್ಪ ರಬಕವಿಯಿಂದ ಬಂದು ಕರೆದುಕೊಂಡು ಹೋದ. ತಡೆಯಿರಿ ಎಂದು ನಾನೂ ಹೇಳಲಿಲ್ಲ, ಆಯಿಯೂ ಹೇಳಲಿಲ್ಲ.

ಹದಿಮೂರು ವರ್ಷದ ಮೇಲೆ, ನನ್ನ ಮದುವೆಯ ಸೀರೆಗೆಂದು ರಬಕವಿಗೆ ಹೋದಾಗ ಕೇಳುತ್ತ ಕೇಳುತ್ತ ಅವಳ ಮನೆ ಹುಡುಕಿದೆ. ಮಗ್ದಲಿ ಒಬ್ಬ ನೇಕಾರನನ್ನು ಕಟ್ಟಿಕೊಂಡಿದ್ದಳು. ಹಣೆಯ ಮೇಲೆ ಕುಂಕುಮವಿತ್ತು. ಗುರುತು ಹಿಡಿದು ಒಳಗೆ ಕರೆದಳು, ಚಾ ಮಾಡಿದಳು, ಚುರುಮುರಿ ಸೂಸಲ ಕೊಟ್ಟಳು, ಮಗಳನ್ನು ಕರೆದು ತೋರಿಸಿದಳು. ನಾನು ಹಳೆಯ ಮಾತು ತೆಗೆದೆ. ಲೂಮಿನ ಸದ್ದಿಗೆ ಕೇಳಿಸದೆ ಅವಳು ಹೋಗಿ ಬಂದ್ ಮಾಡಿ ಬಂದಳು. ಆ ಮೌನದಲ್ಲಿ ನಾನು ಎಲ್ಲವನ್ನೂ ಮತ್ತೊಮ್ಮೆ ಹೇಳಬೇಕಾಯಿತು, ಉಪ್ಪಿನ ಮಾತನ್ನೂ. ಅದು ಅವಳಿಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

ಅವಳು ನನ್ನ ಮುಂದಿದ್ದ ಚಾದ ಕಪ್ಪನ್ನು ಎತ್ತಿ ಬದಿಗಿಟ್ಟಳು.

"ಸಿಟ್ಟಿಲ್ಲ ಬಿಡು," ಎಂದಳು. "ಸಣ್ಣಾಕಿ ಇದ್ದಿ. ಆದ್ರ ಒಂದು ಮಾತು ನಿಮ್ಮ ಮನ್ಯಾಗ ಹೇಳಿ ಇಡು. ನೀ ಸತ್ತಾಗ ನನಗ ಸುದ್ದಿ ಮುಟ್ಟಸೂದು ಬ್ಯಾಡ."

ಎದ್ದು ಹೋಗಿ ಲೂಮ್ ಚಾಲೂ ಮಾಡಿದಳು.

ನಮ್ಮ ಊರಿನವರು ಮದುವೆ ಮುಂಜಿಯಲ್ಲಿ ಸೇರಿದಾಗ ಈಗಲೂ ಮುಳುಗಡೆಯ ಮಾತೇ ಆಡುತ್ತಾರೆ. ಎರೆಹೊಲ ಹೋಯಿತು, ಸಿಹಿನೀರಿನ ಬಾವಿ ಹೋಯಿತು, ಹಿರಿಯರ ಗೋರಿಗಳು ಹೋದವು, ಎಲ್ಲ ಆ ಹಾಳು ನೀರಿನ ಹೊಟ್ಟೆಗೆ ಹೋಯಿತು ಎನ್ನುತ್ತಾರೆ. ನಾನೂ ಹೂಂಗುಡುತ್ತೇನೆ. ನನಗೆ ಒಬ್ಬಳು ಮಗ್ದಲಿ ಇದ್ದಳು, ಅವಳನ್ನು ಮಾತ್ರ ನೀರು ಒಯ್ಯಲಿಲ್ಲ ಎಂದು ಅವರ ಮುಂದೆ ಹೇಳುವುದಿಲ್ಲ.