ಬರೆದು ಅಳಿಸುವ ಸಾಲುಗಳು

ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಟವೆಲ್ ಕಾರ್ಖಾನೆಯೊಂದರ ಆಫೀಸಿಗೆ ನಾನು ಸೇರಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಎರಡು ತಿಂಗಳೂ ಆಗಿರಲಿಲ್ಲ, ಹೊಸ ಕಂಪ್ಯೂಟರ್ ಬಂತು. ಶನಿವಾರದೊಳಗೆ ಹಳೆಯ ಪತ್ರಗಳೆಲ್ಲ ಇದರಲ್ಲಿ ನಡೆಯಬೇಕು, ಇಲ್ಲದಿದ್ದರೆ ಕಂಪ್ಯೂಟರ್ ಕ್ಲಾಸಿನಿಂದ ಬೇರೆಯವರನ್ನು ಕರೆಸುತ್ತೇನೆ ಎಂದು ಮಾಲೀಕರಾದ ಶೇಠಜಿ ಮರಾಠಿಯಲ್ಲಿ ಹೇಳಿ ಹೋದರು. ಬೇರೆಯವರು ಬಂದರೆ ನಾನು ಮನೆಗೆ. ಅದನ್ನು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ.

ಆ ಪತ್ರಗಳ ಒಡೆಯರು ಅಕ್ಕಲಕೋಟದಿಂದ ದಿನಾ ಎಸ್‌ಟಿ ಬಸ್ಸಿನಲ್ಲಿ ಬರುತ್ತಿದ್ದ ಹಿರಿಯ ಗುಮಾಸ್ತರು. ಎಲ್ಲರಿಗೂ ಕಾಕಾ. ಅದೇ ಶನಿವಾರ ಅವರ ನಿವೃತ್ತಿ. ಪತ್ರದ ಫೈಲಿನೊಳಗೇ ಅವರದೊಂದು ಮ್ಯಾಕ್ರೋ, ಅಂದರೆ ಯಂತ್ರಕ್ಕೆ ಕೊಟ್ಟ ಆದೇಶಗಳ ಸಾಲುಪಟ್ಟಿ, ಇತ್ತು. ಒಂದು ಗುಂಡಿ ಒತ್ತಿದರೆ ವ್ಯಾಪಾರಿಯ ವಿಳಾಸ, ಡಿಸೈನ್ ನಂಬರು, ಬಣ್ಣ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಕೂರುತ್ತಿದ್ದವು.

ಹೊಸದರಲ್ಲಿ ಫೈಲು ತೆರೆದೆ. ಮ್ಯಾಕ್ರೋ ಇದೆ, ವೈರಸ್ ಇರಬಹುದು ಎಂದು ಹೆದರಿಸಿತು. ಆಮೇಲೆ ತಾನೇ ಎಲ್ಲವನ್ನೂ ಹೊಸ ರೀತಿಗೆ ಬದಲಾಯಿಸಿತು. ನೋಡಿದರೆ ಕಾಕಾರ ಪ್ರತಿ ಸಾಲಿನ ಮುಂದೆಯೂ ಹೊಸದೊಂದು ಪದ ಅಂಟಿಕೊಂಡಿದೆ. ಅವರದು ಯಾವುದು, ಯಂತ್ರದ್ದು ಯಾವುದು, ತಲೆಬುಡ ತಿಳಿಯಲಿಲ್ಲ. ಅವರನ್ನೇ ಕೇಳಬಹುದಿತ್ತು. ಏನೂ ಬಾರದ ಹುಡುಗಿ ಎಂದಾರೆಂಬ ಭಯ. ಸ್ವಲ್ಪ ಸೊಕ್ಕೂ ಇತ್ತು.

ಹೆಚ್ಚು ಕಾಡಿದ್ದು ಮೊದಲ ನಾಲ್ಕು ಸಾಲು. ಪುಟದ ಮೇಲ್ತುದಿಯಲ್ಲಿ ಶ್ರೀ ಬರೆ, ಹೊಸ ಸಾಲು ಹಾಕು, ಹಿಂದೆ ಹೋಗು, ಶ್ರೀ ಅಳಿಸು. ನಮ್ಮ ಪತ್ರಗಳ ಮೇಲೆ ನಾನೆಂದೂ ಶ್ರೀ ಕಂಡಿರಲಿಲ್ಲ. ಅಳಿಸುವುದಕ್ಕೇ ಯಾರಾದರೂ ಬರೆಯುತ್ತಾರೆಯೇ? ಬದಲಾಯಿಸುವಾಗ ಯಂತ್ರವೇ ಏನೋ ಎಡವಟ್ಟು ಮಾಡಿದೆ ಎಂದುಕೊಂಡು ನಾಲ್ಕನ್ನೂ ಕಿತ್ತುಹಾಕಿದೆ.

ಗುಂಡಿ ಒತ್ತಿದರೆ ವಿಳಾಸ ಹೋಗಿ ಡಿಸೈನ್ ನಂಬರಿನ ಜಾಗದಲ್ಲಿ ಕೂತಿತು, ನಂಬರು ಬಣ್ಣದ ಜಾಗದಲ್ಲಿ. ಎಲ್ಲವೂ ಒಂದೊಂದು ಸಾಲು ಕೆಳಗೆ. ಎರಡು ದಿನ ಏನೇನೋ ತಿದ್ದಿದೆ, ತಿದ್ದಿದಷ್ಟೂ ಕೆಟ್ಟಿತು. ಶುಕ್ರವಾರ ಮಧ್ಯಾಹ್ನ ಕಾಕಾ ಹಿಂದೆ ಬಂದು ನಿಂತಾಗ ನನಗೆ ಅಳುವೇ ಬಂದಿತ್ತು. ಸೊಕ್ಕು ಬಿಟ್ಟು, ಇದನ್ನು ಹೇಗೆ ಬರೆದಿರಿ ಎಂದು ಕೇಳಿದೆ.

"ನಾ ಎಲ್ಲಿ ಬರದೀನವ್ವಾ? ರೆಕಾರ್ಡ್ ಒತ್ತಿ ಒಂದ ಪತ್ರ ಕೈಲೆ ಮಾಡಿ ತೋರ್ಸಿದ್ನಿ. ಅದ ನೋಡಿ ಬರಕೊಂಡದ."

ಹೊರಗಿನ ಪತ್ರಗಳಿಗೆ ಶ್ರೀ ಬೇಡವೆಂದು ಶೇಠಜಿ ಹಿಂದೊಮ್ಮೆ ಹೇಳಿದ್ದರಂತೆ. ಶ್ರೀ ಹಾಕದೆ ಕಾಕಾರಿಗೆ ಕೈ ಏಳದು. ಅಂದಿನಿಂದ ಬರೆದು, ಅಳಿಸಿ, ಪತ್ರ ಶುರುಮಾಡುತ್ತಿದ್ದರು. ಯಂತ್ರ ಅದನ್ನೂ ಕಲಿತಿತ್ತು. ಅವರು ಅಕ್ಷರವನ್ನು ಅಳಿಸುತ್ತಿದ್ದರು, ಸಾಲನ್ನಲ್ಲ. ಹಳೆಯ ಪತ್ರವೊಂದನ್ನು ತೆಗೆದು ನೋಡಿದೆ. ತಲೆಯ ಮೇಲೆ ಒಂದು ಖಾಲಿ ಸಾಲು ಇತ್ತು. ಅದನ್ನೂ ಸೇರಿಸಿಕೊಂಡೇ ಉಳಿದ ಜಾಗಗಳ ಎಣಿಕೆ.

ನಾಲ್ಕು ಸಾಲುಗಳನ್ನು ಮರಳಿ ಹಾಕಿದೆ. ಎಲ್ಲವೂ ಸರಿಯಾಗಿ ಕೂತವು. ನನ್ನ ನೌಕರಿ ಉಳಿಯಿತು ಎಂದು ಎದೆ ಹಗುರಾಯಿತು. ಕಾಕಾ ಮಾತ್ರ ಆ ಸಾಲುಗಳನ್ನೇ ನೋಡುತ್ತಿದ್ದರು. ಶೇಠಜಿಯ ಕೋಣೆಯ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು.

"ನಾ ಹ್ವಾದ ಮ್ಯಾಲ ಇವನ್ನ ತಗದ್ರ ನಡೀತದೇನು?"

ನಡೆಯುತ್ತಿತ್ತು. ವಿಳಾಸದ ಜಾಗಕ್ಕೆ ಎಷ್ಟು ಸಾಲು ಕೆಳಗಿಳಿಯಬೇಕೆಂಬ ಎಣಿಕೆಯಲ್ಲಿ ಒಂದು ಕಡಿಮೆ ಮಾಡಿದರೆ ಸಾಕೆಂದು ಅಷ್ಟರಲ್ಲಿ ನನಗೆ ಹೊಳೆದಿತ್ತು.

"ಇಲ್ಲರಿ ಕಾಕಾ, ತಗದ್ರ ಎಲ್ಲಾ ಕೆಡತದ" ಎಂದೆ.