ಇಪ್ಪತ್ತೆರಡು ಕಿರುಸಹಿಗಳು

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ, ಎರಡು ದಳಗಳಾಗಿ ಬೆಳೆದಿತ್ತು. ಕಂಡಕ್ಟರ್ ಕೆಲಸಕ್ಕೆ ಸೇರಿದ ಮೊದಲ ವರ್ಷ ಬಸ್ಸಿನ ಬಾಗಿಲಿಗೆ ಸಿಕ್ಕಿ ಸೀಳಿದ್ದು ಮತ್ತೆ ಕೂಡಿಕೊಳ್ಳಲೇ ಇಲ್ಲವಂತೆ. ಕಡತದ ಹಾಳೆಗಳನ್ನು ಅವರು ಆ ಉಗುರಿನಿಂದಲೇ ಬಿಡಿಸುತ್ತಿದ್ದರು. ಬೇಕಾದ ಸಾಲಿನ ಕೆಳಗೆ ಅದರಿಂದಲೇ ಗೆರೆ ಎಳೆಯುತ್ತಿದ್ದರು. ಶಾಯಿಯಿಲ್ಲದ ಆ ಗೆರೆ, ಕಾಗದವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತಿತ್ತು. ಒಂದು ಕೆಲಸ ಮುಗಿಯಿತೆಂದರೆ ಬೆರಳ ಗೆಣ್ಣಿನಿಂದ ಮೇಜನ್ನು ಎರಡು ಸಲ ಕುಟ್ಟುವರು. ಬಸ್ಸಿನಲ್ಲಿ ಒಂದು ಬೆಲ್ ಹೊಡೆದರೆ ನಿಲ್ಲಿಸಬೇಕು, ಎರಡು ಹೊಡೆದರೆ ಹೊರಡಬೇಕು. ಬಸ್ಸನ್ನು ಬಿಟ್ಟು ಕಚೇರಿಗೆ ಬಂದ ಮೇಲೂ ಅವರು ಆ ನಿಯಮವನ್ನು ಬಿಟ್ಟಿರಲಿಲ್ಲ.

ಮೊದಲ ದಿನ ನಾನು ಅವರನ್ನು 'ಮೇಡಂ' ಎಂದು ಕರೆದೆ. ಅವರು ಹಿಂದಕ್ಕೆ ತಿರುಗಿ ನೋಡಿ, "ಯಾರೂ ಬಂದಿಲ್ವಲ್ಲ?" ಎಂದರು. ಅಂದಿನಿಂದ ಅವರು ನನಗೆ ಚೇಚಿ, ಅಂದರೆ ಅಕ್ಕ. ನಾನು ಅವರಿಗೆ ಮೋಳ್, ಅಂದರೆ ಮಗಳು. ಅವರು ಆಡಿದ್ದೆಲ್ಲ ಮಲಯಾಳದಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರ ಮಾತನ್ನು ಇನ್ನೊಂದು ಭಾಷೆಗೆ ತರುವಾಗ ಇಂದಿಗೂ ಪ್ರತಿ ಪದವನ್ನು ನಿಘಂಟಿನಲ್ಲಿ ನೋಡುತ್ತೇನೆ, ಅದಕ್ಕೆ ಕಾರಣವಿದೆ.

ನಮ್ಮದು ಕೊಚ್ಚಿಯ ವೈಟ್ಟಿಲದ ಬಳಿ ಎರಡು ಬಾಡಿಗೆ ಕೋಣೆಗಳ ಕಚೇರಿ. ರೈಲು, ಮೆಟ್ರೊ, ಬಸ್ಸು, ದೋಣಿ ನಾಲ್ಕನ್ನೂ ನಗರದ ನಟ್ಟನಡುವೆ ಒಂದೇ ಸೂರಿನಡಿ ತರುವ ಹೊಸ ನಿಲ್ದಾಣದ ಯೋಜನೆಯನ್ನು ಸಿದ್ಧಪಡಿಸುವುದು ನಮ್ಮ ಕೆಲಸ. ಸುತ್ತಲಿನ ಪ್ರತಿಯೊಂದು ನಗರಸಭೆ, ಪಂಚಾಯತ್ ಲಿಖಿತವಾಗಿ ಬೆಂಬಲ ಸೂಚಿಸಿದರೆ ಮಾತ್ರ ಯೋಜನೆ ಮುಂದಕ್ಕೆ ಹೋಗುವುದೆಂದು ತಿರುವನಂತಪುರದ ಇಲಾಖೆ ಹೇಳಿತ್ತು. ಊರೂರು ತಿರುಗಿ ಬೆಂಬಲ ಪತ್ರ ತರಲು ಚೇಚಿಯನ್ನು ನಿಯೋಜಿಸಿದ್ದರು. ಬಂದ ಪತ್ರಗಳ ಸಾರಾಂಶವನ್ನು ಇಂಗ್ಲಿಷಿನಲ್ಲಿ ಬರೆಯಲು ನಾನಿದ್ದೆ, ಒಂದು ವರ್ಷದ ಗುತ್ತಿಗೆಯ ಮೇಲೆ.

ನಾನು ದಾವಣಗೆರೆಯವಳು. ತಂದೆ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ದವರು. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಆದ್ದರಿಂದ ಯಾವ ವಾಕ್ಯವನ್ನೂ ಮೂರು ಸಲ ಓದದೆ ಕಳುಹಿಸುತ್ತಿರಲಿಲ್ಲ. ಒಂದೇ ಒಂದು ತಪ್ಪು ಸಿಕ್ಕರೂ, "ಈ ಕುರ್ಚಿಗೆ ಇವಳನ್ನು ಯಾರು ಕರೆದರು?" ಎಂದು ಕೇಳುವರೆಂಬ ಭಯ. ಸಂದರ್ಶನದಲ್ಲಿ ಮಲಯಾಳಂ ಓದಬಲ್ಲೆ ಎಂದಿದ್ದೆ. ಕೊಚ್ಚಿಗೆ ಬಂದ ಮೇಲೆ ಆಡುಮಾತನ್ನು ಕಿವಿಯಿಂದ, ಅಕ್ಷರಗಳನ್ನು ಬಸ್ಸಿನ ಬೋರ್ಡುಗಳಿಂದ ಕಲಿತಿದ್ದರಿಂದ ಓದಬಲ್ಲೆ ಎಂಬುದು ನಿಜವೇ. ಓದಿದ್ದೆಲ್ಲ ಅರ್ಥವಾಗುತ್ತದೆಯೇ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಸೇರಿದ ವಾರವೇ ನಿರ್ದೇಶಕರ ಕೋಣೆಯ ಮುಂದೆ ಅರ್ಧ ಗಂಟೆ ನಿಂತಿದ್ದೆ. 'ಅನುವಾದವಿಲ್ಲದೆ ಒಳಗೆ ಬರಬಾರದು' ಎಂಬ ಫಲಕ ಅಲ್ಲಿತ್ತು, ನನ್ನ ಅನುವಾದವಿನ್ನೂ ಮುಗಿದಿರಲಿಲ್ಲ. ಚೇಚಿ ಬಂದು, "ಎಂದಾ ಮೋಳೇ, ಏನು ಮಗಳೇ, ಕಾವಲು ಕಾಯ್ತಿದ್ದೀಯಾ?" ಎಂದರು. ವಿಷಯ ತಿಳಿದಾಗ ಗೋಡೆಗೆ ಒರಗಿ ನಕ್ಕರು. ಮಲಯಾಳದಲ್ಲಿ ಅನುವಾದವೆಂದರೆ ಅಪ್ಪಣೆ. "ಪಾಪ, ಅನುವಾದ ಮಾಡೋಕೆ ಬಂದವಳು ಅನುವಾದಕ್ಕೆ ಕಾಯ್ತಾ ನಿಂತಿದ್ಲು," ಎಂದು ಅಂದಿನ ಚಹಾದ ಹೊತ್ತಿಗೆ ಕಚೇರಿಗೆಲ್ಲ ಹೇಳಿದರು. ನಾನೂ ನಕ್ಕೆ. ಆದರೆ ಅದು ಎಚ್ಚರಿಕೆಯೆಂದು ತಿಳಿದುಕೊಳ್ಳಲಿಲ್ಲ.

ನಾನು ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದೆನೆಂಬುದನ್ನೂ ಮೊದಲು ಗಮನಿಸಿದವರು ಅವರೇ.

"ಬಸ್ಸಲ್ಲಿ ಹೀಗೆ ಕೂರೋರು ಎರಡೇ ತರ. ಟಿಕೆಟ್ ತಗೊಳ್ದೇ ಇರೋರು, ಇಲ್ಲ ಮುಂದಿನ ಸ್ಟಾಪಲ್ಲಿ ಇಳಿಯೋರು. ನೀನು ಯಾವ ತರ?"

ನಾನು ಸ್ವಲ್ಪ ಹಿಂದಕ್ಕೆ ಸರಿದೆ. ಅವರು ಆಚೆ ಹೋದ ಮೇಲೆ ಮತ್ತೆ ತುದಿಗೆ ಬಂದೆ.

ಎಲ್ಲ ಪತ್ರಗಳೂ ಬಂದವು, ಒಂದರ ಹೊರತು. ಹಿನ್ನೀರಿನಾಚೆಯ ಒಂದು ದ್ವೀಪ ಪಂಚಾಯತ್ ಎರಡು ಸಲ ಒಲ್ಲೆನೆಂದಿತ್ತು. ಆ ದ್ವೀಪದ ಬಸ್ಸುಗಳಿಗೆ ನಗರದೊಳಗೆ ಪರವಾನಗಿ ಇರಲಿಲ್ಲ. ಸೇತುವೆ ಇಳಿದ ಕೂಡಲೇ ಇರುವ ಸ್ಟಾಪಿನಲ್ಲಿ ಎಲ್ಲರೂ ಇಳಿದು, ಇನ್ನೊಂದು ಬಸ್ಸು ಕಾದು, ಇನ್ನೊಂದು ಟಿಕೆಟ್ ತೆಗೆಯಬೇಕು. ಚೇಚಿ ಹದಿನೆಂಟು ವರ್ಷ ಕಂಡಕ್ಟರ್ ಆಗಿದ್ದದ್ದು ಅದೇ ದಾರಿಯಲ್ಲಿ. ಮೂರನೆಯ ಸಲ ಅವರು ಹೋದಾಗ ನನ್ನನ್ನೂ ಕರೆದುಕೊಂಡು ಹೋದರು.

ಪಂಚಾಯತ್ ಅಧ್ಯಕ್ಷೆ ಚೇಚಿಯ ವಯಸ್ಸಿನವರೇ. ಕೂರಲು ಹೇಳುವ ಮೊದಲೇ ಕೇಳಿದರು: "ಹದಿನೆಂಟು ವರ್ಷ ನಮ್ಮನ್ನ ಸೇತುವೆ ಹತ್ರ ಇಳಿಸಿದ್ದು ನೀವೇ. ಈಗ ಬೆಂಬಲ ಕೇಳೋಕೂ ನೀವೇ ಬಂದ್ರಾ?"

"ಇಳಿಸಿದ್ದಕ್ಕೇ ಬಂದಿದ್ದೀನಿ," ಎಂದರು ಚೇಚಿ. "ಪ್ರತಿ ವಾರ ಆಸ್ಪತ್ರೆ ಚೀಲ ಹಿಡ್ಕೊಂಡು ಒಬ್ಬರು ಅಮ್ಮ ಬರೋರು. 'ಇನ್ನು ಸ್ವಲ್ಪ ಮುಂದೆ ಬಿಡು ಮೋಳೇ' ಅನ್ನೋರು. ಆಗಲ್ಲಮ್ಮ ಅಂತ ಪ್ರತಿ ವಾರ ಹೇಳಿದ್ದೀನಿ. ಒಂದಿನ ಅವರು ಕೇಳೋದನ್ನೇ ನಿಲ್ಲಿಸಿದ್ರು. ಅವತ್ತಿಂದ ನನಗೆ ಆ ಸ್ಟಾಪಲ್ಲಿ ಬೆಲ್ ಹೊಡೆಯೋದಕ್ಕೆ ಕೈ ಬರ್ತಿರ್ಲಿಲ್ಲ."

ಅಧ್ಯಕ್ಷೆ ಗುಮಾಸ್ತರನ್ನು ಕರೆದು ಪತ್ರ ಬರೆಸಿದರು. ಅದರಲ್ಲಿ ಒಂದು ಸಾಲು ಹೀಗಿತ್ತು: 'ನಮ್ಮ ಬಸ್ಸುಗಳು ಹೊಸ ನಿಲ್ದಾಣದವರೆಗೆ ಬರುವುದು ನಮ್ಮ ಜನರ ಅವಕಾಶ. ಈ ತಿಳಿವಳಿಕೆಯ ಮೇಲೆ ನಮ್ಮ ಬೆಂಬಲ.' ಸಹಿ ಹಾಕಿ, "ಸರ್ಕಾರದ ಮೇಲಿನ ನಂಬಿಕೆಯಿಂದ ಅಲ್ಲ, ನಿಮ್ಮ ಮೇಲಿನ ನಂಬಿಕೆಯಿಂದ," ಎಂದು ಕಾಗದವನ್ನು ಚೇಚಿಯ ಕೈಗೆ ಕೊಟ್ಟರು.

ಸಾರಾಂಶ ಬರೆಯುವಾಗ ಆ ಸಾಲು ನನಗೆ ತೀರ ಸುಲಭವೆನಿಸಿತು. ಅವಕಾಶವೆಂಬುದು ನಮ್ಮದೇ ಪದವಲ್ಲವೇ? ಇಂಗ್ಲಿಷಿನಲ್ಲಿ 'ಆಪರ್ಚುನಿಟಿ' ಎಂದು ಬರೆದೆ. ಆ ವಾಕ್ಯವನ್ನೂ ಮೂರು ಸಲ ಓದಿದೆ. ಇಪ್ಪತ್ತೆರಡು ಪ್ರತಿಗಳು ಅಚ್ಚಾಗಿ, ಹೊಲಿಗೆ ಹಾಕಿ ಬಂದವು.

ತಿರುವನಂತಪುರದ ಸಭೆಗೆ ನಿರ್ದೇಶಕರು ಕಾರಿನಲ್ಲಿ ಹೊರಟರು. ಪ್ರತಿಗಳನ್ನು ಎರಡು ಬಟ್ಟೆಯ ಚೀಲಗಳಲ್ಲಿ ಹೊತ್ತು ಚೇಚಿ ಮತ್ತು ನಾನು ಬೆಳಗಿನ ರೈಲು ಹತ್ತಿದೆವು. ಕಿಟಕಿಯ ಬಳಿ ಕುಳಿತ ಮೇಲೆ ಅವರು, "ನಮ್ಮ ದ್ವೀಪದವರದ್ದು ಓದು, ಕೇಳೋಣ. ಇಂಗ್ಲಿಷ್ ಅಷ್ಟಕ್ಕಷ್ಟೇ ನಂಗೆ, ನೀನೇ ಅರ್ಥ ಹೇಳ್ಬೇಕು," ಎಂದರು.

ಓದಿದೆ. 'ಆಪರ್ಚುನಿಟಿ' ಎಂಬಲ್ಲಿ ಅವರು ಕೈ ಅಡ್ಡ ಹಿಡಿದರು. "ಅಂದ್ರೆ?"

ಫೋನಿನ ನಿಘಂಟಿನಲ್ಲಿ ಹುಡುಕಿದೆ. ಮಲಯಾಳದಲ್ಲಿ ಅದಕ್ಕೆ 'ಅವಸರಂ' ಎಂದಿತ್ತು. ನನಗೆ ನಗು ಬಂತು. "ಚೇಚಿ, ನಮ್ಮಲ್ಲಿ ಅವಸರ ಅಂದ್ರೆ ಗಡಿಬಿಡಿ!"

ಅವರು ನಗಲಿಲ್ಲ. "ಪತ್ರದಲ್ಲಿ ಅವಸರಂ ಇಲ್ವಲ್ಲ. ಅವಕಾಶಂ ಅಂತ ತಾನೆ ಇರೋದು? ನಾನು ಪಕ್ಕದಲ್ಲೇ ನಿಂತು ಬರೆಸಿದ್ದು."

"ಎರಡೂ ಒಂದೇ ಅಲ್ವಾ?"

"ಒಂದೇನಾ?" ಅವರು ಚೀಲವನ್ನು ಮಡಿಲಿನಿಂದ ಕೆಳಗಿಟ್ಟರು. "ಅವಸರಂ ಅನ್ನೋದು ಯಾರೋ ಕೊಡೋದು ಮೋಳೇ, ನಾಳೆ ವಾಪಸ್ ತಗೊಳ್ಳಬಹುದು. ಅವಕಾಶಂ ಅಂದ್ರೆ ನಿನ್ನಪ್ಪನ ಮನೇಲಿ ನಿನಗಿರೋದು. ಯಾರೂ ಕೊಡೋದಲ್ಲ, ಇರೋದು."

ಹಕ್ಕು. ಪತ್ರ ಹೇಳಿದ್ದು ಹಕ್ಕು ಎಂದು. ಅವರ ಅವಸರ ನಮ್ಮ ಅವಕಾಶ, ಅವರ ಅವಕಾಶ ನಮ್ಮ ಹಕ್ಕು. ಹೊರಗೆ ತೆಂಗಿನ ತೋಟಗಳು ಹಿಂದಕ್ಕೆ ಓಡುತ್ತಿದ್ದವು. ಹಕ್ಕೆಂದು ದಾಖಲಾದರೆ ಆ ಬಸ್ಸುಗಳನ್ನು ಸೇತುವೆಯ ಬಳಿ ತಡೆಯಲು ಬರುವುದಿಲ್ಲ. ಆಪರ್ಚುನಿಟಿ ಎಂದಾದರೆ ಯಾರ ಮೇಲೂ ಯಾವ ಹೊಣೆಯೂ ಇಲ್ಲ. ನನ್ನ ಗುತ್ತಿಗೆ ನವೀಕರಣವಾಗಬೇಕಾಗಿದ್ದದ್ದು ಮುಂದಿನ ತಿಂಗಳು.

ನಿರ್ದೇಶಕರಿಗೆ ಫೋನ್ ಮಾಡಿ ತಡವರಿಸುತ್ತಾ ಹೇಳಿದೆ. ಅವರು ಬೈಯಲಿಲ್ಲ. "ಒಂದು ಪದ ತಾನೆ? ಇರಲಿ ಬಿಡಿ. ಹಾಗೆ ಮೃದುವಾಗಿ ಇರೋದೇ ಒಳ್ಳೇದು," ಎಂದರು. ನನಗೆ ಹೋದ ಜೀವ ಬಂದಂತಾಯಿತೆಂದು ಒಪ್ಪಿಕೊಳ್ಳಲೇಬೇಕು.

"ಏನಂದ್ರು?"

"ಇರಲಿ ಅಂದ್ರು, ಚೇಚಿ."

ಅವರು ಚೀಲವನ್ನು ಮತ್ತೆ ಮಡಿಲಿಗೆ ಎತ್ತಿಕೊಂಡರು. ತಿರುವನಂತಪುರದ ತಂಪಾನೂರಿನಲ್ಲಿ ಇಳಿದಾಗ ಸಭೆಗೆ ಎರಡು ಗಂಟೆ ಉಳಿದಿತ್ತು. ರೈಲು ನಿಲ್ದಾಣದ ಎದುರಿಗೇ ಬಸ್ ನಿಲ್ದಾಣ, ನಡುವೆ ಎಡೆಬಿಡದೆ ವಾಹನಗಳು ನುಗ್ಗುವ ರಸ್ತೆ. ಚೀಲ ಹೊತ್ತು ದಾಟುವಾಗ ಚೇಚಿ, "ನೋಡು, ಇವೆರಡೂ ಮುಖಕ್ಕೆ ಮುಖ ಕೊಟ್ಟು ನಿಂತಿದಾವೆ. ಮಾತು ಮಾತ್ರ ಇಲ್ಲ, ಜಗಳ ಆಡಿದ ಅಣ್ಣತಮ್ಮಂದಿರ ಹಾಗೆ," ಎಂದರು. ಒಂದು ಚಹಾದ ಅಂಗಡಿಯ ಮೂಲೆಯ ಮೇಜು ಹಿಡಿದು ಎರಡು ಚಹಾ, ಹಬೆಯಲ್ಲಿ ಬೇಯಿಸಿದ ಅಕ್ಕಿಹಿಟ್ಟಿನ ಎರಡು ಪುಟ್ಟು ಹೇಳಿ, ನನ್ನ ಮುಂದೆ ಮೊದಲ ಪ್ರತಿಯನ್ನು ತೆರೆದಿಟ್ಟರು.

"ಕಂಡಕ್ಟರ್ ತಪ್ಪು ಟಿಕೆಟ್ ಕೊಟ್ಟರೆ ಏನು ಮಾಡ್ಬೇಕು?"

"ಬೇರೆ ಟಿಕೆಟ್ ಕೊಡ್ಬೇಕು."

"ಯಾವಾಗ? ಅವರು ಬಸ್ಸಲ್ಲಿ ಇರೋವಾಗ. ಇಳಿಸಿದ ಮೇಲಲ್ಲ."

ಅವರು ಸೀಳುಗುರಿನಿಂದ ಆ ಪದದ ಮೇಲೆ ಗೆರೆ ಒತ್ತಿದರು. ಅದರ ಗುರುತಿನ ಮೇಲೆಯೇ ನಾನು ಪೆನ್ನಿನಿಂದ ಹೊಡೆದುಹಾಕಿ, ಮೇಲೆ 'ರೈಟ್' ಎಂದು ಇಂಗ್ಲಿಷಿನಲ್ಲಿ ಬರೆಯಬೇಕಿತ್ತು. ಸರ್ಕಾರಿ ಕಾಗದದಲ್ಲಿ ಕೈತಿದ್ದುಪಡಿಯ ಪಕ್ಕದಲ್ಲಿ ತಿದ್ದಿದವರು ಹೆಸರಿನ ಮೊದಲಕ್ಷರಗಳ ಕಿರುಸಹಿ ಹಾಕಬೇಕು. ಆಗ ನಾನು ಆಡಿದ ಮಾತನ್ನು ಇಲ್ಲಿ ಬರೆಯದೆ ಬಿಡಬಹುದಿತ್ತು. ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ.

"ಚೇಚಿ, ಸಹಿ ನೀವು ಹಾಕಿ. ನಿಮಗೆ ನಿವೃತ್ತಿ ಹತ್ತಿರ ಇದೆ. ನಿಮ್ಮನ್ನ ಯಾರೂ ಏನೂ ಅನ್ನಲ್ಲ."

ಅವರು ಚಹಾದ ಲೋಟವನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. "ಹಾಕ್ತಿದ್ದೆ," ಎಂದರು. "ಹಾಕಿದ್ರೆ ನೀನು ಇನ್ನು ಬದುಕಿಡೀ ತುದೀಲೇ ಕೂತಿರ್ತೀಯ." ಪೆನ್ನನ್ನು ನನ್ನತ್ತ ಸರಿಸಿ, "ಪೇಡಿಕ್ಕಂಡ, ಹೆದರಬೇಡ. ನಾನು ಇಲ್ಲೇ ಇರ್ತೀನಿ," ಎಂದರು.

ಮೊದಲ ಕಿರುಸಹಿ ಹುಳು ಹರಿದಂತಾಯಿತು. ಆರನೆಯದರ ಹೊತ್ತಿಗೆ ಪುಟ್ಟು ಆರಿ ತಣ್ಣಗಾಗಿತ್ತು. ಚೇಚಿ ಒಂದೊಂದೇ ಪ್ರತಿಯನ್ನು ತೆರೆದು, ಉಗುರೆಳೆದು, ನನ್ನ ಮುಂದಿಡುತ್ತಿದ್ದರು. ಇಪ್ಪತ್ತೆರಡನೆಯದನ್ನು ಮುಚ್ಚಿ, ಮೇಜನ್ನು ಎರಡು ಸಲ ಕುಟ್ಟಿದರು. ಹೊರಟೆವು.

ಸಭೆಯಲ್ಲಿ ಪ್ರತಿಯನ್ನು ತೆರೆದ ನಿರ್ದೇಶಕರ ಮುಖ ಕಪ್ಪಿಟ್ಟಿತು. "ಇದನ್ನ ತಿದ್ದಲು ಯಾರು ಹೇಳಿದ್ರು?"

ಎದ್ದು ನಿಂತೆ. "ಯಾರೂ ಹೇಳಲಿಲ್ಲ, ಸರ್. ಮೊದಲು ತಪ್ಪಾಗಿ ಬರೆದವಳು ನಾನೇ. ಮೂಲ ಪತ್ರದಲ್ಲಿ ಹಕ್ಕು ಎಂದಿದೆ."

ಇಲಾಖೆಯ ಕಾರ್ಯದರ್ಶಿ ಕನ್ನಡಕದ ಮೇಲಿನಿಂದ ನೋಡಿದರು. ಹಕ್ಕೆಂದರೆ ನಾಳೆ ನಮ್ಮನ್ನೇ ಕಟ್ಟಿಹಾಕುತ್ತದೆ, ಪತ್ರವನ್ನು ಹಿಂದಕ್ಕೆ ಕಳುಹಿಸಿ ಬೇರೆ ಬರೆಸಲಾಗದೇ ಎಂದು ಕೇಳಿದರು. ಆಗ ಹಿಂದಿನ ಸಾಲಿನಿಂದ ಚೇಚಿ ಎದ್ದರು.

"ಕೊಡಿ ಸಾರ್, ನಾನೇ ತಗೊಂಡು ಹೋಗ್ತೀನಿ. ಆದರೆ ಅವರು ಎರಡನೇ ಸಲ ಸಹಿ ಹಾಕಲ್ಲ. ಅವರ ಪತ್ರ ಇಲ್ಲದೆ ನಿಮ್ಮ ನಿಲ್ದಾಣಕ್ಕೆ ಎಲ್ಲರ ಬೆಂಬಲ ಇದೆ ಅಂತ ಬರೆಯೋಕೂ ಆಗಲ್ಲ."

ಯಾರೋ ಕೆಮ್ಮಿದರು. ಕಾರ್ಯದರ್ಶಿ ಪ್ರತಿಯನ್ನು ಮುಚ್ಚಿ, "ಇದ್ದ ಹಾಗೆಯೇ ದಾಖಲಿಸಿ," ಎಂದರು. ಅಷ್ಟೇ. ಯಾರೂ ಚಪ್ಪಾಳೆ ತಟ್ಟಲಿಲ್ಲ. ನನ್ನ ಗುತ್ತಿಗೆ ಒಂದು ವರ್ಷದ ಬದಲು ಆರು ತಿಂಗಳಿಗೆ ನವೀಕರಣವಾಯಿತು. ಆ ಆರು ತಿಂಗಳೂ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ.

ನಿವೃತ್ತಿಯ ಬಳಿಕ ಚೇಚಿ ತಿರುವನಂತಪುರದ ಉಳ್ಳೂರಿನಲ್ಲಿ ಮಗಳ ಮನೆಗೆ ಹೋದರು. ಅಲ್ಲಿಂದ ಮೆಡಿಕಲ್ ಕಾಲೇಜು ಹತ್ತಿರ. ಅವರ ಕಾಯಿಲೆಗೆ ಆ ಹತ್ತಿರವೇ ಬೇಕಾಗಿತ್ತು. ಕಳೆದ ವರ್ಷ ನೋಡಲು ಹೋದಾಗ ಮಂಚದ ಮೇಲೆ ಅರ್ಧ ಆಗಿಹೋಗಿದ್ದರು. ಉಗುರು ಮಾತ್ರ ಹಾಗೆಯೇ ಇತ್ತು. ನಾನು ಒಯ್ದ ಮಂಡಕ್ಕಿಯನ್ನು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, "ಬಸ್ ಬಂತಾ?" ಎಂದು ಕೇಳಿದರು. ಯಾವ ಬಸ್ಸೆಂದು ಹೇಳಬೇಕಿರಲಿಲ್ಲ.

"ಇನ್ನೂ ಇಲ್ಲ, ಚೇಚಿ. ಕೆಲಸ ನಡೀತಾ ಇದೆ."

"ಸುಳ್ಳು ಹೇಳ್ಲಿಲ್ಲ ನೀನು," ಎಂದು ಕಣ್ಣು ಮುಚ್ಚಿದರು. ಹೊರಡುವ ಮುನ್ನ ಮಂಚದ ಅಂಚಿನ ಮೇಲಿದ್ದ ಅವರ ಕೈಯನ್ನೇ ನೋಡುತ್ತಾ ಸ್ವಲ್ಪ ಹೊತ್ತು ನಿಂತೆ. ಅದು ಕುಟ್ಟಲಿಲ್ಲ; ಅವರಿಗೆ ನಿದ್ದೆ ಬಂದಿತ್ತು. ಮೂರು ವಾರಗಳ ನಂತರ ಮಗಳ ಫೋನ್ ಬಂತು.

ಹೊಸ ನಿಲ್ದಾಣ ಇನ್ನೂ ಪೂರ್ತಿಯಾಗಿಲ್ಲ. ಸೂರಿನ ಅರ್ಧಕ್ಕೆ ತಗಡಿಲ್ಲ. ದೋಣಿಕಟ್ಟೆಗೆ ಹೋಗುವ ದಾರಿಯಲ್ಲಿ ಹಲಗೆ ಹಾಸಿದ್ದಾರೆ. ಆದರೂ ಹೋದ ತಿಂಗಳಿನಿಂದ ದ್ವೀಪದ ಬಸ್ಸುಗಳನ್ನು ಅಲ್ಲಿಯವರೆಗೆ ಬಿಡುತ್ತಿದ್ದಾರೆಂದು ಕೇಳಿ, ಒಂದು ಭಾನುವಾರ ಬೆಳಗ್ಗೆ ದ್ವೀಪಕ್ಕೆ ಹೋಗಿ ನಗರಕ್ಕೆ ಮರಳುವ ಬಸ್ಸನ್ನು ಹತ್ತಿದೆ. ಸೇತುವೆ ಇಳಿದು ಹಳೆಯ ಕೊನೆಯ ಸ್ಟಾಪಿಗೆ ಬಂದಾಗ ಒಂದು ಬೆಲ್ ಕೇಳಿಸಿತು. ಬಸ್ಸು ನಿಂತಿತು. ಕಂಡಕ್ಟರ್ ನಮ್ಮತ್ತ ತಿರುಗಿದರು. ಕಾಗದದ ಮೇಲೆ ಏನಿದ್ದರೂ ಇಲ್ಲಿ ಇಳಿಯಿರಿ ಎಂದೇ ಹೇಳುವರೆಂದು ನನಗೆ ಖಚಿತವೆನಿಸಿ, ಚೀಲ ಹಿಡಿದು ಅರ್ಧ ಎದ್ದಿದ್ದೆ. ಪಕ್ಕದಲ್ಲಿದ್ದ ಹೆಂಗಸು ನನ್ನನ್ನು ವಿಚಿತ್ರವಾಗಿ ನೋಡಿದರು, ಅವರು ಏಳಲಿಲ್ಲ. ಯಾರೂ ಏಳಲಿಲ್ಲ. ಕೆಳಗೆ ಕಾಯುತ್ತಿದ್ದ ಇಬ್ಬರು ಹತ್ತಿದರು.

ಎರಡು ಬೆಲ್ ಹೊಡೆಯಿತು. ನಾನು ಕುಳಿತೆ, ಬೆನ್ನು ಸೀಟಿಗೆ ತಾಗುವವರೆಗೆ.